ನಿಲುಗಡೆಯ ಲೆಕ್ಕ

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಅದರ ಉದ್ದ ಸುಮಾರು 155 ಕಿ.ಮೀ. ಗೆರೆ ಹೆಚ್ಚುಕಡಿಮೆ ಮದ್ದೂರಿನ ನೆತ್ತಿಯ ಮೇಲೆಯೇ ಹಾಯುತ್ತದೆ. ಮಂಡ್ಯ ಎಡಕ್ಕೆ ಐದಾರು ಕಿ.ಮೀ. ದೂರ, ಮಳವಳ್ಳಿ ಬಲಕ್ಕೆ ಹದಿನೇಳು ಹದಿನೆಂಟು ಕಿ.ಮೀ. ದೂರ. ರೆಕ್ಕೆಗೊಂದು ಪಂಖದ ಸಣ್ಣ ವಿಮಾನಕ್ಕೂ ಇದು ಗಂಟೆಯೊಳಗಿನ ದಾರಿ. 2010ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್, 2013ರ ಜನವರಿಯಲ್ಲಿ ಸ್ಪೈಸ್‌ಜೆಟ್ ಈ ಎರಡು ನಿಲ್ದಾಣಗಳ ನಡುವೆ ವಿಮಾನ ಓಡಿಸಿದವು. ಎರಡೂ ಬಹುಕಾಲ ಬಾಳಲಿಲ್ಲ, ಆಮೇಲಿನ ಪ್ರಯತ್ನಗಳೂ ತಡೆತಡೆದೇ ನಡೆದವು. ಕಾರಣಕ್ಕೆ ಬಹಳ ದೂರ ಹೋಗಬೇಕಿಲ್ಲ. ಮೈಸೂರಿನಿಂದ ಬೆಂಗಳೂರಿಗೆ ಹಾಸಿರುವ ರೈಲು ಹಳಿಯ ಉದ್ದ 138 ಕಿ.ಮೀ. ಅಂದರೆ ಎಲ್ಲಿಯೂ ಬಳಸದೆ ಆಕಾಶದಲ್ಲಿ ನೇರ ಹೋದವನೇ ಹಳಿಯ ಮೇಲೆ ಹೋದವನಿಗಿಂತ ಹೆಚ್ಚು ದೂರ ಕ್ರಮಿಸುತ್ತಾನೆ, ಕ್ರಮಿಸಿ ಊರಿನಿಂದ 35 ಕಿ.ಮೀ. ಆಚೆ ಇಳಿಯುತ್ತಾನೆ.

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಇಷ್ಟು, ಹಾರಾಟದ ಹೊತ್ತು ಇಷ್ಟು ಎಂದು ಹೇಳುವಾಗ ಆ ಲೆಕ್ಕದಲ್ಲಿ ತುದಿಗಳೆರಡೇ ಇರುತ್ತವೆ. ನಡುವೆ ಇರುವುದೆಲ್ಲ ದಾಟಬೇಕಾದ ನೆಲ. ವಿಮಾನ ಬರುವುದಕ್ಕೆ ಎಷ್ಟೋ ಮೊದಲಿನಿಂದಲೂ ಬೆಂಗಳೂರು ಮತ್ತು ಮೈಸೂರುಗಳನ್ನು ಕುರಿತು ಹೀಗೆಯೇ ಲೆಕ್ಕ ಹಾಕಲಾಗಿದೆ: ದಂಡಿಗೆ ಎಷ್ಟು ದಿನ, ಎತ್ತಿನ ಗಾಡಿಗೆ ಎಷ್ಟು ದಿನ, ರೈಲಿಗೆ ಎಷ್ಟು ಗಂಟೆ, ಈಗ ದಶಪಥ ಹೆದ್ದಾರಿಯಲ್ಲಿ ಎಷ್ಟು ನಿಮಿಷ. ಮಂಡ್ಯ, ಮದ್ದೂರು, ಮಳವಳ್ಳಿಗಳ ಇತಿಹಾಸವನ್ನು ಈ ದಾರಿಯ ಇತಿಹಾಸದ ಪಕ್ಕದಲ್ಲಿಟ್ಟು ನೋಡಿದಾಗ ನನಗೆ ಕಾಣುವುದು ಬೇರೆಯೇ ಲೆಕ್ಕ. ಪಯಣದ ಹೊತ್ತು ಎಷ್ಟು ಕಡಿಮೆಯಾಯಿತು ಎಂಬುದು ಈ ಊರುಗಳ ಏಳುಬೀಳನ್ನು ನಿರ್ಧರಿಸಲಿಲ್ಲ. ಹೋಗುವವರು ಎಲ್ಲಿ ನಿಂತರು, ಎಷ್ಟು ಹೊತ್ತು ನಿಂತರು, ನಿಲ್ಲಲೇಬೇಕಾಗಿತ್ತೇ ಎಂಬುದು ನಿರ್ಧರಿಸಿತು. ಇನ್ನೂರು ಚಿಲ್ಲರೆ ವರ್ಷಗಳ ಸಾಕ್ಷ್ಯ ಈ ಮಾತಿನ ಕಡೆಗಿದೆ ಎಂದು ತೋರಿಸುವುದು ಈ ಬರಹದ ಉದ್ದೇಶ.

ಮೊದಲು ಮಳವಳ್ಳಿಯನ್ನು ತೆಗೆದುಕೊಳ್ಳೋಣ. ಇಂದು ಬೆಂಗಳೂರು–ಮೈಸೂರು ದಾರಿ ಎಂದರೆ ಯಾರಿಗೂ ಮಳವಳ್ಳಿ ನೆನಪಾಗುವುದಿಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಹಾಗಿರಲಿಲ್ಲ. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗಲು ಚನ್ನಪಟ್ಟಣ, ಮದ್ದೂರು, ಮಂಡ್ಯದ ಮೇಲೆ ಒಂದು ದಾರಿಯಿದ್ದರೆ, ಕಾನಕಾನಹಳ್ಳಿ, ಅಂದರೆ ಇಂದಿನ ಕನಕಪುರ, ಮತ್ತು ಮಳವಳ್ಳಿಯ ಮೇಲೆ ಇನ್ನೊಂದು ದಾರಿಯಿತ್ತು. 1791ರ ಮೇ 3ರಂದು ಟಿಪ್ಪುವಿನ ಮೇಲೆ ದಂಡೆತ್ತಿ ಬೆಂಗಳೂರು ಬಿಟ್ಟ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಈ ಎರಡನೆಯ ದಾರಿಯನ್ನು ಹಿಡಿದ, ಏಕೆಂದರೆ ಚನ್ನಪಟ್ಟಣದ ದಾರಿಯಲ್ಲಿ ಟಿಪ್ಪುವಿನ ಸೈನ್ಯ ಕಾದಿತ್ತು. ಅರಕೆರೆಯ ಹತ್ತಿರ ಕಾವೇರಿ ದಡ ಮುಟ್ಟಲು ಅವನ ಸೈನ್ಯಕ್ಕೆ ಹತ್ತು ದಿನ ಬೇಕಾಯಿತು. ದಿನಕ್ಕೆ ಹನ್ನೆರಡು ಹದಿಮೂರು ಕಿ.ಮೀ. ನಡಿಗೆ ಎನ್ನಬಹುದು. ದಂಡು ಅಷ್ಟು ನಿಧಾನವಾದದ್ದು ದೂರದಿಂದಲ್ಲ. ಟಿಪ್ಪುವಿನ ಕಡೆಯವರು ದಾರಿಯುದ್ದದ ಹಳ್ಳಿಗಳಲ್ಲಿ ಕಾಳನ್ನೂ ಹುಲ್ಲನ್ನೂ ಉಳಿಸದೆ ಖಾಲಿ ಮಾಡಿದ್ದರು. ಮುಂಗಾರು ಬೇಗ ಹಿಡಿಯಿತು, ಮೇವಿಲ್ಲದೆ ಫಿರಂಗಿ ಎಳೆಯುವ ಎತ್ತುಗಳು ಸತ್ತವು. ಮೇ 15ರಂದು ಅರಕೆರೆಯ ಕದನದಲ್ಲಿ ಮೇಲುಗೈಯಾದರೂ, ಕಣ್ಣೆದುರಿಗೆ ರಾಜಧಾನಿ ಇದ್ದರೂ, ತಿಂಗಳ ಕೊನೆಯೊಳಗೆ ಕೋಟೆ ಒಡೆಯುವ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. ಮುಂದಿನ ಸಲ ಅವನು ಅದೇ ತಪ್ಪು ಮಾಡಲಿಲ್ಲ. ದಾರಿಯ ದುರ್ಗಗಳನ್ನು ಮೊದಲು ಹಿಡಿದು, ಅಲ್ಲಲ್ಲಿ ದಾಸ್ತಾನು ಕೂಡಿಸಿ, ಬಂಜಾರರ ಹೇರೆತ್ತುಗಳ ಮೇಲೆ ಧಾನ್ಯ ತರಿಸಿಕೊಂಡು ಹೊರಟ, 1792ರ ಫೆಬ್ರವರಿ 5ರಂದು ಶ್ರೀರಂಗಪಟ್ಟಣದ ಎದುರು ಬಂದು ನಿಂತ. ತುದಿಗಳು ಇದ್ದಲ್ಲೇ ಇದ್ದವು, ದೂರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೂ ಇರಲಿಲ್ಲ. ಬದಲಾದದ್ದು ನಡುವಿನ ಊರುಗಳಲ್ಲಿ ಏನು ಸಿಗುತ್ತದೆ ಎಂಬುದು.

1799ರಲ್ಲಿ ಬ್ರಿಟಿಷ್ ಜನರಲ್ ಹ್ಯಾರಿಸ್‌ನ ಸೈನ್ಯವೂ ಕಾನಕಾನಹಳ್ಳಿಯ ಮೇಲೆಯೇ ಬಂತು. ಮಾರ್ಚ್ 27ರಂದು ಮಳವಳ್ಳಿಯ ಬಳಿ ಟಿಪ್ಪು ಅದನ್ನು ಎದುರಿಸಿ ಹಿಂದೆ ಸರಿದ. ಅಲ್ಲಿಂದ ಹ್ಯಾರಿಸ್ ನೇರ ದಾರಿ ಬಿಟ್ಟು ಸೋಸಲೆಯ ಹತ್ತಿರ ಕಾವೇರಿ ದಾಟಿದ. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಸೋಸಲೆಯ ಕಡೆ ಏಕೆ ತಿರುಗಿದ ಎಂದು ಕೇಳಿದರೆ ಉತ್ತರ ಮತ್ತೆ ಅದೇ: ಹಳೆಯ ದಾರಿಯಲ್ಲಿ ಮೇವು ಇರದು ಎಂಬ ಭಯ, ನದಿಯಾಚೆ ಹಾಳಾಗದ ಹಳ್ಳಿಗಳಿವೆ ಎಂಬ ಭರವಸೆ. ಸಾವಿರಾರು ಎತ್ತುಗಳನ್ನು ಕಟ್ಟಿಕೊಂಡು ಹೊರಟ ದಂಡಿಗೆ ಹುಲ್ಲೇ ಇಂಧನ. ಆ ಕಾಲದ ದಾರಿಯಲ್ಲಿ ಮಳವಳ್ಳಿಗೆ ಇದ್ದ ಮಹತ್ವ ಅದರ ಕೋಟೆಯಿಂದಲೋ ಪೇಟೆಯಿಂದಲೋ ಬಂದುದಕ್ಕಿಂತ, ಅಲ್ಲಿಗೆ ಬಂದವರು ನಿಲ್ಲದೆ ಮುಂದೆ ಹೋಗಲಾಗದು ಎಂಬುದರಿಂದ ಬಂದದ್ದು. ಕಾಲ್ನಡಿಗೆಯ, ಹೇರೆತ್ತಿನ, ಎತ್ತಿನ ಗಾಡಿಯ ಕಾಲದಲ್ಲಿ ಇದು ಎಲ್ಲ ನಡುವಿನ ಊರುಗಳ ಮಟ್ಟಿಗೂ ನಿಜ. ಹರದಾರಿ, ಗಾವುದಗಳ ಲೆಕ್ಕದಲ್ಲಿ ನಡೆಯುವವನು ಸಂಜೆಯಾದರೆ ಇಳಿಯಲೇಬೇಕು. ಛತ್ರ, ಕಟ್ಟೆ, ಅರವಟ್ಟಿಗೆ, ಸಂತೆ ಹುಟ್ಟಿಕೊಂಡದ್ದು ಆ ಅನಿವಾರ್ಯದ ಮೇಲೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಶುರುವಾದ ಅಂಚೆಯೂ ಒಬ್ಬ ಓಟಗಾರ ನಿಂತು ಇನ್ನೊಬ್ಬನಿಗೆ ಚೀಲ ದಾಟಿಸುವ ಏರ್ಪಾಡೇ. ಅರಮನೆಯ ಸುದ್ದಿ ಕೂಡ ನಡುವಿನ ಊರಿನಲ್ಲಿ ಕೈಬದಲಿಸದೆ ತುದಿ ಸೇರುತ್ತಿರಲಿಲ್ಲ.

ರೈಲು ಬಂದಾಗ ಮಳವಳ್ಳಿಯ ಪಾಲಿನ ದಾರಿ ಮುಚ್ಚಿತು. 1876–78ರ ಮಹಾಕ್ಷಾಮ ಮೈಸೂರು ಸೀಮೆಯನ್ನು ಎಷ್ಟು ಹಿಂಡಿತೆಂದರೆ, 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಮದರಾಸಿನಿಂದ ಬೆಂಗಳೂರಿನ ತನಕ ರೈಲಿನಲ್ಲಿ ಬಂದ ಧಾನ್ಯವನ್ನು ಒಳನಾಡಿಗೆ ಒಯ್ಯಲು ಎತ್ತುಗಳೇ ಉಳಿದಿರಲಿಲ್ಲ. ಆ ಪಾಠದಿಂದ ಹುಟ್ಟಿದ್ದು ಬೆಂಗಳೂರು–ಮೈಸೂರು ಮೀಟರ್‌ಗೇಜ್ ಹಳಿ. ಅದು 1881ರಲ್ಲಿ ಚನ್ನಪಟ್ಟಣ ಹಾದು ಮದ್ದೂರಿನ ಕಡೆ ಬಂತು, 1882ರಲ್ಲಿ ಮೈಸೂರು ಮುಟ್ಟಿತು. ಹಳಿ ಯಾವ ಊರಿನ ಮೇಲೆ ಹೋಗಬೇಕೆಂದು ಗೆರೆ ಎಳೆದವರು ಮದ್ದೂರು ಮತ್ತು ಮಂಡ್ಯವನ್ನು ಆರಿಸಿಕೊಂಡರು. ಬ್ರಿಟಿಷ್ ಕಮಿಷನರ್ ಕಬ್ಬನ್‌ ಕಾಲದ ಹೆದ್ದಾರಿ, ಶಿಂಷಾ ನದಿಯ ಸೇತುವೆ ಎಲ್ಲ ಆಗಲೇ ಆ ಬದಿಯಲ್ಲಿದ್ದವು. ಮಳವಳ್ಳಿ ಹಳಿಯಿಂದ ದೂರ ಉಳಿಯಿತು. ಎರಡು ರಾಜಧಾನಿಗಳ ನಡುವಿನ ಪಯಣ ದಿನಗಳಿಂದ ಗಂಟೆಗಳಿಗೆ ಇಳಿದದ್ದು ಮೂರೂ ಊರುಗಳಿಗೆ ಒಂದೇ ಸಲ. ಫಲ ಮಾತ್ರ ಒಂದೇ ಆಗಲಿಲ್ಲ. ಮಂಡ್ಯ ಆಗ ಹೆಸರಿಸುವಂಥ ಪಟ್ಟಣವಲ್ಲ. ಅರವತ್ತು ವರ್ಷ ತುಂಬುವುದರೊಳಗೆ ಅದು ಜಿಲ್ಲಾ ಕೇಂದ್ರವಾಯಿತು. ದಂಡುಗಳು ಕದನ ನಡೆಸಿದ ಮಳವಳ್ಳಿ ಅದರ ಒಂದು ತಾಲ್ಲೂಕಾಯಿತು.

ಮದ್ದೂರಿನ ಕಥೆಯನ್ನು ತುಸು ಹತ್ತಿರದಿಂದ ನೋಡಬೇಕು. ಮದ್ದೂರು ವಡೆಯ ಹುಟ್ಟಿನ ಬಗ್ಗೆ ಪ್ರಚಲಿತವಾಗಿರುವ ಹೇಳಿಕೆ 1917ಕ್ಕೆ ಹೋಗುತ್ತದೆ. ಮದ್ದೂರು ರೈಲು ನಿಲ್ದಾಣದಲ್ಲಿ ತಿಂಡಿಯ ಕೋಣೆ ನಡೆಸುತ್ತಿದ್ದ ರಾಮಚಂದ್ರ ಬುಧ್ಯ ಅವರು ಪಕೋಡಕ್ಕೆ ಹಿಟ್ಟು ಸಿದ್ಧಮಾಡುತ್ತಿದ್ದ ಹೊತ್ತಿಗೆ ರೈಲು ಬಂದುಬಿಟ್ಟಿತಂತೆ. ಉಂಡೆಗಳನ್ನು ಹಾಗೇ ಕರಿದರೆ ಒಳಗೆ ಬೇಯುವುದಿಲ್ಲವೆಂದು ಅಂಗೈಯಲ್ಲಿ ತಟ್ಟಿ ತೆಳ್ಳಗೆ ಮಾಡಿ ಎಣ್ಣೆಗೆ ಬಿಟ್ಟರಂತೆ. ಇದರ ಪ್ರತಿ ವಿವರವೂ ನಡೆದ ಸಂಗತಿಯೇ ಎಂದು ಪಟ್ಟು ಹಿಡಿಯಬೇಕಾಗಿಲ್ಲ. ಆದರೆ ವಡೆಯನ್ನೇ ಸಾಕ್ಷಿಯಾಗಿ ನೋಡಿ: ಅಕ್ಕಿ ಹಿಟ್ಟು, ಚಿರೋಟಿ ರವೆ, ಮೈದಾಹಿಟ್ಟು, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು. ಉದ್ದಿನ ವಡೆಯ ಹಾಗೆ ನೆನೆಹಾಕಿ ರುಬ್ಬುವ ಕೆಲಸವಿಲ್ಲ. ಕಲಸಿ, ತಟ್ಟಿ, ಕರಿದರೆ ಆಯಿತು. ಚಟ್ನಿ ಇಲ್ಲದೆ ತಿನ್ನಬಹುದು, ಕಾಗದದಲ್ಲಿ ಸುತ್ತಿ ಕಿಟಕಿಯಿಂದ ಒಳಗೆ ಕೊಡಬಹುದು, ತಣ್ಣಗಾದರೂ ಮೈಸೂರಿನ ತನಕ ಗರಿಗರಿ ಕೆಡುವುದಿಲ್ಲ. ಉಗಿಬಂಡಿ ನೀರು ತುಂಬಿಕೊಂಡು ಮತ್ತೆ ಹೊರಡುವ ಕೆಲವೇ ನಿಮಿಷಗಳ ಅಳತೆಗೆ ಸರಿಯಾಗಿ ಕತ್ತರಿಸಿದ ತಿಂಡಿ ಇದು. ರೈಲು ಹೆಚ್ಚು ಹೊತ್ತು ನಿಲ್ಲುವಂತಿದ್ದರೆ ಊಟದ ಹೋಟೆಲು ಬೆಳೆಯುತ್ತಿತ್ತು, ನಿಲ್ಲದೆ ಹೋಗುವಂತಿದ್ದರೆ ಏನೂ ಬೆಳೆಯುತ್ತಿರಲಿಲ್ಲ. ಆ ತಿಂಡಿಯ ಕೋಣೆ ನೂರು ವರ್ಷ ನಡೆದು 2017ರಲ್ಲಿ ಬಾಗಿಲು ಹಾಕಿತು. ಅಷ್ಟರಲ್ಲಿ ವಡೆ ಹಳಿಯಿಂದ ಇಳಿದು ಹೆದ್ದಾರಿಯ ಬದಿಯ ಹೋಟೆಲುಗಳಿಗೆ ಬಂದು ನೆಲೆಯೂರಿತ್ತು. ಬಸ್ಸು ಕಾರುಗಳು ಮದ್ದೂರಿನಲ್ಲಿ ಕಾಫಿಗೆ ನಿಲ್ಲುವ ರೂಢಿಯೇ ಅದನ್ನು ಅಲ್ಲಿ ಸಾಕಿತು.

ರೈಲಿಗೆ ಹೊರಗಾದ ಮಳವಳ್ಳಿಗೆ ವೇಗದ ಇನ್ನೊಂದು ಅವತಾರ ಬಂತು, ಅದು ಇನ್ನೂ ಕಠಿಣ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿ ಧುಮುಕುವ ನೀರಿನಿಂದ ತೆಗೆದ ವಿದ್ಯುತ್ತು 1902ರ ಜೂನ್ 30ರಂದು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಯೋಜಿಸಿ, ಜೋಲಿ ದ ಲೋಬಿನಿಯೇರ್ ಎಂಬ ಎಂಜಿನಿಯರು ರೂಪಿಸಿದ ಆ ತಂತಿ 92 ಮೈಲಿ, ಅಂದರೆ 148 ಕಿ.ಮೀ. ಉದ್ದದ್ದು, ಜಗತ್ತಿನಲ್ಲೇ ಅಷ್ಟು ದೂರ ವಿದ್ಯುತ್ ಒಯ್ಯುವ ತಂತಿಗಳು ಆಗ ವಿರಳ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹತ್ತಿತು, ಮುಂದೆ ಮೈಸೂರಿಗೂ ಬೆಳಕು ಬಂತು. ಕಣ್ಣು ಮಿಟುಕಿಸುವುದರೊಳಗೆ ಕೋಲಾರ ಮುಟ್ಟುತ್ತಿದ್ದ ಆ ಶಕ್ತಿ ತಾನು ಹುಟ್ಟಿದ ತಾಲ್ಲೂಕಿನ ಹಳ್ಳಿಗಳ ತಲೆಯ ಮೇಲೆ ಕಂಬದಿಂದ ಕಂಬಕ್ಕೆ ಹಾದುಹೋಯಿತು. ಆ ಹಳ್ಳಿಗಳ ಸರದಿ ಬಂದದ್ದು ಎಷ್ಟೋ ಕಾಲದ ಮೇಲೆ. ಯಾರೂ ಕೇಡು ಬಯಸಿ ಹೀಗೆ ಮಾಡಲಿಲ್ಲ. ತಂತಿಯ ಖರ್ಚನ್ನು ತುಂಬಿಕೊಟ್ಟವರು ಗಣಿಯವರು; ತಂತಿಯನ್ನು ಹಳ್ಳಿಗೆ ಇಳಿಸಬೇಕಾದರೆ ನಡುವೆ ಒಂದು ಉಪಕೇಂದ್ರ ಕಟ್ಟಬೇಕು, ಆ ದುಡ್ಡಿಗೆ ಆಗ ಯಾರೂ ಇರಲಿಲ್ಲ. ಹಾಗಿದ್ದರೂ ಒಂದು ಮಾತು ಉಳಿಯುತ್ತದೆ: ಹೆಚ್ಚಿನ ವೋಲ್ಟೇಜಿನ ತಂತಿಗೂ ವೇಗದ ರೈಲಿಗೂ ಎತ್ತರದ ವಿಮಾನಕ್ಕೂ ನಿಲುಗಡೆ ಎಂದರೆ ಬೇರೆಯೇ ಖರ್ಚು. ವೇಗ ಹೆಚ್ಚಿದಷ್ಟೂ ನಿಲ್ಲಿಸುವ ಬೆಲೆ ಏರುತ್ತದೆ. ಆ ಬೆಲೆಯನ್ನು ಯಾರೋ ಕೊಡಲೇಬೇಕೆಂದು ತೀರ್ಮಾನವಾಗುವ ತನಕ ನಡುವಿನ ಊರು ಸುಮ್ಮನೆ ನೋಡುತ್ತಿರುತ್ತದೆ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಏಳುತ್ತದೆ. ಮಂಡ್ಯವನ್ನು ಬೆಳೆಸಿದ್ದು ರೈಲಿನ ನಿಲುಗಡೆಯಲ್ಲ, ಕಾವೇರಿಯ ನಾಲೆ ಎನ್ನಬಹುದು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ 1931ರಲ್ಲಿ ಮುಗಿಯಿತು. ಮೊದಲು ಇರ್ವಿನ್ ನಾಲೆ, ಆಮೇಲೆ ವಿಶ್ವೇಶ್ವರಯ್ಯ ನಾಲೆ ಎಂದು ಕರೆಸಿಕೊಂಡ ವಿ.ಸಿ. ನಾಲೆ ಹುಲಿಕೆರೆಯ ಸುರಂಗದಲ್ಲಿ ಗುಡ್ಡ ಕೊರೆದು ಬಂದು ಮಂಡ್ಯ, ಮದ್ದೂರು, ಮಳವಳ್ಳಿಗಳ ರಾಗಿ ಹೊಲವನ್ನು ಭತ್ತ ಕಬ್ಬಿನ ಗದ್ದೆ ಮಾಡಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಹುಟ್ಟಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಶ್ರಮ ಅದರ ಹಿಂದಿತ್ತು. 1939ರ ಜುಲೈ 1ರಂದು ಮಂಡ್ಯ ಜಿಲ್ಲೆಯಾಯಿತು. ಈ ಆಕ್ಷೇಪದಲ್ಲಿ ಸತ್ಯವಿದೆ. ನೀರಿಲ್ಲದಿದ್ದರೆ ನಿಲ್ದಾಣವೊಂದೇ ಮಂಡ್ಯವನ್ನು ಇಷ್ಟು ದೂರ ತರುತ್ತಿರಲಿಲ್ಲ. ಆದರೆ ನಾಲೆಯನ್ನೇ ಇನ್ನೊಂದು ಕಡೆಯಿಂದ ನೋಡಿದರೆ ಅದು ನನ್ನ ಮಾತಿಗೇ ಬಲ ಕೊಡುತ್ತದೆ. ಅದೇ ಕಾವೇರಿ. ಶಿವನಸಮುದ್ರದಲ್ಲಿ ತಂತಿಯಾಗಿ ತಾಲ್ಲೂಕನ್ನು ದಾಟಿ ಹೋದ ನದಿ, ನಾಲೆಯಲ್ಲಿ ತೂಬು ತೂಬಿಗೂ ನಿಂತು, ಕವಲು ಕವಲಾಗಿ ಒಡೆದು, ಕೊನೆಗೆ ಒಬ್ಬೊಬ್ಬ ರೈತನ ಬದುವಿನ ಬಳಿ ಇಳಿಯುತ್ತದೆ. ನಾಲೆಯಲ್ಲಿ ನೀರು ಎಷ್ಟು ಬೇಗ ಕೊನೆಯ ಭಾಗ ಮುಟ್ಟಿತು ಎಂದು ಯಾರೂ ಹೆಮ್ಮೆಪಡುವುದಿಲ್ಲ. ಮುಟ್ಟಿತೇ ಇಲ್ಲವೇ ಎಂದು ಕೇಳುತ್ತಾರೆ. ಇನ್ನು ಸಕ್ಕರೆ ಕಾರ್ಖಾನೆಯನ್ನು ಮಂಡ್ಯದಲ್ಲೇ ಏಕೆ ಕಟ್ಟಿದರು? ನಾಲೆಯ ಬಯಲು ಮಳವಳ್ಳಿಯ ಕಡೆಗೂ ಹರಡಿತ್ತು. ಕಬ್ಬು ಬರಲು ಗಾಡಿ ದಾರಿ, ಯಂತ್ರ ಬರಲು ಮತ್ತು ಸಕ್ಕರೆ ಮೂಟೆ ಹೊರಡಲು ಹಳಿ, ಎರಡೂ ಕೂಡುವ ಜಾಗ ಮಂಡ್ಯವಾಗಿತ್ತು. ನೀರು ಮೂರೂ ತಾಲ್ಲೂಕಿಗೆ ಬಂತು, ಜಿಲ್ಲೆಯ ಕೇಂದ್ರ ಹಳಿಯ ಮೇಲೆ ಬಂತು.

ನಡುವೆ ಇರುವುದೇ ಒಂದು ಬಲವಾಗುತ್ತದೆ ಎಂಬುದಕ್ಕೆ 1938ರ ಏಪ್ರಿಲ್ ಸಾಕ್ಷಿ. ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಬೆಂಗಳೂರಿನಲ್ಲಿ ಆಗಲಿಲ್ಲ, ಮೈಸೂರಿನಲ್ಲೂ ಆಗಲಿಲ್ಲ. ಮದ್ದೂರಿನ ಪಕ್ಕದ ಶಿವಪುರದಲ್ಲಿ ಆಯಿತು. ಟಿ. ಸಿದ್ದಲಿಂಗಯ್ಯ ಅಧ್ಯಕ್ಷರು, ಮದ್ದೂರಿನ ಎಚ್.ಕೆ. ವೀರಣ್ಣಗೌಡರು ಊರಿನ ಕಡೆಯ ಆಧಾರ. ಸರ್ಕಾರದ ನಿಷೇಧಾಜ್ಞೆಯ ನಡುವೆಯೇ ತ್ರಿವರ್ಣ ಧ್ವಜ ಹಾರಿತು, ಮುಖಂಡರು ಬಂಧನಕ್ಕೊಳಗಾದರು. ಎರಡೂ ರಾಜಧಾನಿಗಳಿಂದ ಬರುವವರಿಗೆ ಅನುಕೂಲವಾಗಿ ರೈಲೂ ಹೆದ್ದಾರಿಯೂ ಹತ್ತಿರವಿದ್ದವು, ಸುತ್ತಲಿನ ಹಳ್ಳಿಗಳ ರೈತರಿಗೆ ಕಾಲ್ನಡಿಗೆಯ ದೂರ. ಬೆಂಗಳೂರಿಗೂ ಮೈಸೂರಿಗೂ ನಡುವಿನ ಹೊತ್ತು ಕಡಿಮೆಯಾದದ್ದು ಎರಡೂ ಕಡೆಯ ಜನ ನಡುವೆ ಇಳಿದು ಕೂಡಲು ಒದಗಿಬಂದ ಅಪರೂಪದ ಗಳಿಗೆ ಇದು.

ವಿಮಾನದ ಮಾತಿಗೆ ಬರುತ್ತೇನೆ. ವಿಚಿತ್ರವೆಂದರೆ ಬೆಂಗಳೂರನ್ನು ವಿಮಾನದ ಊರಾಗಿ ಮಾಡಿದ್ದರಲ್ಲಿ ಮಳವಳ್ಳಿ ತಾಲ್ಲೂಕಿನ ಪಾಲೂ ಇದೆ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಮುಂದಿನ ಎಚ್.ಎ.ಎಲ್.) ಶುರುಮಾಡಿದಾಗ ಸಂಸ್ಥಾನ ಕೊಡಬಹುದಾಗಿದ್ದ ಅನುಕೂಲಗಳಲ್ಲಿ ನೆಲದ ಜೊತೆಗೆ ಅಗ್ಗದ ವಿದ್ಯುತ್ತೂ ಒಂದು. ಜೋಗದ ವಿದ್ಯುತ್ತು ಇನ್ನೂ ಬಂದಿರಲಿಲ್ಲ. ಅದು ಕಾವೇರಿಯ ವಿದ್ಯುತ್ತು. ಅದೇ ವರ್ಷ ಮೈಸೂರು ಸಂಸ್ಥಾನ ಮಂಡಕಳ್ಳಿಯಲ್ಲೂ ವಿಮಾನ ಇಳಿಯುವ ಬಯಲು ಮಾಡಿತು. ಬೆಂಗಳೂರಿನ ಎಚ್.ಎ.ಎಲ್. ನಿಲ್ದಾಣ ದಶಕಗಳ ಕಾಲ ಪ್ರಯಾಣಿಕರ ವಿಮಾನಗಳನ್ನು ಕಂಡು, 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಹೊಸ ನಿಲ್ದಾಣ ತೆರೆದಾಗ ಆ ಕೆಲಸದಿಂದ ಬಿಡುಗಡೆಯಾಯಿತು. ಹೊಸ ನಿಲ್ದಾಣ ಬೆಂಗಳೂರಿನ ಉತ್ತರಕ್ಕೆ, ಮಂಡ್ಯ ನೈರುತ್ಯಕ್ಕೆ. ನಡುವೆ ಇಡೀ ಬೆಂಗಳೂರು. ಮಂಡ್ಯದಿಂದ ನೇರ ಗೆರೆಯಲ್ಲಿ ಸುಮಾರು 115 ಕಿ.ಮೀ. ಇರುವ ದೇವನಹಳ್ಳಿ ರಸ್ತೆಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು.

ದೂರದ ಎರಡು ವಿಮಾನ ನಿಲ್ದಾಣಗಳ ಲೆಕ್ಕ ಇಂಥ ಊರಿಗೆ ಹೇಗೆ ಕಾಣುತ್ತದೆ ಎಂಬುದಕ್ಕೆ 2021ರ ಜನವರಿಯ ಒಂದು ಹಾರಾಟವನ್ನು ತೆಗೆದುಕೊಳ್ಳಬಹುದು. ಸ್ಯಾನ್‌ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ಮೇಲೆ ಹಾದು, ಎಲ್ಲೂ ಇಳಿಯದೆ, ಜನವರಿ 11ರ ಬೆಳಗಿನ ಜಾವ ಬೆಂಗಳೂರಿಗೆ ಬಂತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು. ನೇರ ದೂರ ಸುಮಾರು 14,000 ಕಿ.ಮೀ., ಹಾರಾಟ ಸುಮಾರು 17 ಗಂಟೆ. ಮಂಡ್ಯ ಜಿಲ್ಲೆಯಿಂದ ಓದಿಗೆ, ಕೆಲಸಕ್ಕೆ ಅಮೆರಿಕಕ್ಕೆ ಹೋದವರ ಮನೆಗಳಿಗೆ ಇದು ಆಗ ಬಹಳ ಸಂತೋಷದ ಸುದ್ದಿಯಾಗಿತ್ತು. ದುಬೈಯಲ್ಲೋ ಫ್ರಾಂಕ್‌ಫರ್ಟಿನಲ್ಲೋ ಇಳಿದು, ಗೊತ್ತಿಲ್ಲದ ಭಾಷೆಯ ನಿಲ್ದಾಣದಲ್ಲಿ ಗೇಟು ಹುಡುಕಿ, ಇನ್ನೊಂದು ವಿಮಾನ ಹತ್ತುವ ಪಾಡು ವಯಸ್ಸಾದ ತಂದೆತಾಯಿಗೆ ತಪ್ಪಿತು. ಆದರೆ ಮಳವಳ್ಳಿಯ ಮನೆಯಿಂದ ಹೊರಟವರಿಗೆ ಆ 17 ಗಂಟೆ ಶುರುವಾಗುತ್ತಿದ್ದದ್ದು ದೇವನಹಳ್ಳಿಯಲ್ಲಿ. ಅದಕ್ಕೆ ಮೊದಲು ಬಾಡಿಗೆ ಕಾರಿನ ಗಂಟೆಗಳಿವೆ, ಬೆಂಗಳೂರು ದಾಟುವ ಗಂಟೆಗಳಿವೆ, ಮೂರು ಗಂಟೆ ಮುಂಚೆ ಅಲ್ಲಿರಬೇಕೆಂಬ ನಿಯಮವಿದೆ. ಬೆಂಗಳೂರಿನ ನಿಲ್ದಾಣದ ಒಪ್ಪಂದದ ಪ್ರಕಾರ, ಅದು ತೆರೆದಂದಿನಿಂದ 25 ವರ್ಷದ ತನಕ ವಾಯುಮಾರ್ಗದ 150 ಕಿ.ಮೀ. ಒಳಗೆ ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಎಡೆಯಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಆ ವೃತ್ತದ ಒಳಗೇ ಇವೆ. ಒಂದು ನಿಲ್ದಾಣದ ಬಂಡವಾಳ ತೀರಲು ಇಂಥ ರಕ್ಷಣೆ ಬೇಕೆಂಬ ವಾದ ನನಗೆ ಅರ್ಥವಾಗುತ್ತದೆ. ಆದರೆ ಎಷ್ಟು ದೂರದಲ್ಲಿ ನಿಲ್ಲಬಹುದು ಎಂಬುದನ್ನು ತುದಿಯಲ್ಲಿ ಕುಳಿತು ನಿರ್ಧರಿಸಿದ್ದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದಾಖಲೆ ಬೇಕಿಲ್ಲ.

ರಸ್ತೆಯ ಮಾತು ಇನ್ನೂ ಹೊಸದು. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆ ನಡೆದದ್ದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. 118 ಕಿ.ಮೀ. ಉದ್ದ, ನಡುವೆ ಆರು ಪಥ, ಎರಡು ಬದಿಗೆ ಎರಡೆರಡು ಪಥದ ಸರ್ವಿಸ್ ರಸ್ತೆ. ಮೂರು ಗಂಟೆಯ ಪಯಣ ಒಂದೂವರೆ ಗಂಟೆಗೆ ಇಳಿಯಿತು. ಹಾಗೆ ಇಳಿಸಲು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬೈಪಾಸಿನಲ್ಲೋ ಮೇಲ್ಸೇತುವೆಯಲ್ಲೋ ತಪ್ಪಿಸಬೇಕಾಯಿತು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಕಾರು ಮದ್ದೂರಿನ ಒಳಗೆ ಬರುವ ಅಗತ್ಯ ಉಳಿಯಲಿಲ್ಲ. ಹಳೆಯ ರಸ್ತೆಯ ಹೋಟೆಲಿನವರು, ಎಳನೀರು ಮಾರುವವರು, ಬಿಡದಿಯ ತಟ್ಟೆ ಇಡ್ಲಿಯವರು, ಚನ್ನಪಟ್ಟಣದ ಗೊಂಬೆ ಅಂಗಡಿಯವರು ಒಂದೇ ಬೇಸಿಗೆಯಲ್ಲಿ ವ್ಯಾಪಾರ ಕುಸಿದದ್ದನ್ನು ಹೇಳಿಕೊಂಡರು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ನಡುವಿನ ಪಥಗಳಲ್ಲಿ ಪ್ರವೇಶ ನಿಷೇಧವಾಯಿತು. ಕಬ್ಬಿನ ಜಿಲ್ಲೆಯಲ್ಲಿ ಇದರ ಅರ್ಥವೇನೆಂದು ಯೋಚಿಸಬೇಕು. ಹೆದ್ದಾರಿಯ ಒಂದು ಬದಿಗೆ ಗದ್ದೆ, ಇನ್ನೊಂದು ಬದಿಗೆ ಆಲೆಮನೆ; ಎದುರಿಗೆ ಕಾಣುವ ಜಾಗಕ್ಕೆ ಟ್ರ್ಯಾಕ್ಟರು ಮುಂದಿನ ಅಂಡರ್‌ಪಾಸಿನ ತನಕ ಸರ್ವಿಸ್ ರಸ್ತೆಯಲ್ಲಿ ಹೋಗಿ, ಅಡಿಯಲ್ಲಿ ನುಸುಳಿ, ಆಚೆ ಬದಿಯಲ್ಲಿ ಮತ್ತೆ ಅಷ್ಟೇ ದೂರ ಹಿಂದಕ್ಕೆ ಬರಬೇಕು. ಉದ್ದಕ್ಕೆ ಹೋಗುವವರಿಗೆ ಕಡಿಮೆಯಾದ ಹೊತ್ತು ಅಡ್ಡ ದಾಟುವವರಿಗೆ ಹೆಚ್ಚಾಗಿದೆ. ಯಾವ ಫಲಕದಲ್ಲೂ ಈ ಎರಡನೆಯ ಹೊತ್ತು ಬರೆದಿಲ್ಲ.

ಇದಕ್ಕೆ ಬರುವ ಉತ್ತರಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಳೆಯ ರಸ್ತೆ ಊರುಗಳ ಎದೆಯ ಮೇಲೆ ಹಾದುಹೋಗುತ್ತಿತ್ತು. ಲಾರಿಗಳ ಹೊಗೆ, ಹಬ್ಬದ ಹಿಂದಿನ ದಿನದ ದಟ್ಟಣೆ, ಶಾಲೆಗೆ ರಸ್ತೆ ದಾಟುವ ಮಕ್ಕಳ ಅಪಾಯ ಎಲ್ಲ ಅಲ್ಲಿತ್ತು. ಹೃದಯಾಘಾತವಾದವರನ್ನು ಮಂಡ್ಯದಿಂದ ಮೈಸೂರಿಗೋ ಬೆಂಗಳೂರಿಗೋ ಒಯ್ಯುವ ಆಂಬುಲೆನ್ಸಿಗೆ ಉಳಿದ ಅರ್ಧ ಗಂಟೆ ಜೀವದ ಬೆಲೆಯದ್ದು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ನಡುವಿನ ಊರಿನ ಹೋಟೆಲಿಗಾಗಿ ಎಲ್ಲರೂ ನಿಧಾನವಾಗಿ ಹೋಗಬೇಕೆಂದು ಕೇಳುವುದು ನ್ಯಾಯವಲ್ಲ, ನಾನು ಕೇಳುತ್ತಲೂ ಇಲ್ಲ. ಆದರೆ ಈ ವಾದವೇ ತೋರಿಸುವಂತೆ ಆಂಬುಲೆನ್ಸಿಗೆ ಬೇಕಾದದ್ದು ತುದಿಯಿಂದ ತುದಿಗೆ ವೇಗ ಮಾತ್ರವಲ್ಲ. ಮಂಡ್ಯದಲ್ಲಿ, ಮದ್ದೂರಿನಲ್ಲಿ ಹೆದ್ದಾರಿ ಹತ್ತುವ ಸುರಕ್ಷಿತ ದಾರಿಯೂ ಬೇಕು. ಹತ್ತುವ ಇಳಿಯುವ ಜಾಗಗಳು ಸರಿಯಿಲ್ಲವೆಂಬ ದೂರು ಹೆದ್ದಾರಿ ತೆರೆದ ಮೊದಲ ತಿಂಗಳುಗಳಿಂದಲೇ ಕೇಳಿಬಂತು, ಅಪಘಾತಗಳು ಹೆಚ್ಚಿದ ಮೇಲೆ ಕ್ಯಾಮೆರಾ ಬಂತು, ವೇಗಕ್ಕೆ ಮಿತಿ ಬಂತು. ವೇಗವನ್ನು ಮೊದಲು ಕಟ್ಟಿ ನಿಲುಗಡೆಯನ್ನು ಆಮೇಲೆ ಹೊಲಿಯುವ ಕ್ರಮ ಇದು. ಶಿವನಸಮುದ್ರದ ತಂತಿಯಲ್ಲಿ ನಡೆದದ್ದೂ ಇದೇ ಕ್ರಮ.

ಇನ್ನೊಂದು ಆಕ್ಷೇಪ: ತಂತ್ರಜ್ಞಾನಕ್ಕೆ ಅದರದೇ ಸ್ವಭಾವವಿದೆ, ವಿಮಾನ ಮದ್ದೂರಿನಲ್ಲಿ ಇಳಿಯಲಾರದು, ಅತಿವೇಗದ ರೈಲು ಪ್ರತಿ ಊರಲ್ಲಿ ನಿಂತರೆ ಅದು ಅತಿವೇಗದ್ದಲ್ಲ. ವಿಮಾನದ ಮಟ್ಟಿಗೆ ಸರಿ. ಉಳಿದವುಗಳ ಮಟ್ಟಿಗೆ ಇತಿಹಾಸ ಇದನ್ನು ಸುಲಭವಾಗಿ ಒಪ್ಪುವುದಿಲ್ಲ. ಉಗಿಬಂಡಿ ಮದ್ದೂರಿನಲ್ಲಿ ನಿಂತದ್ದು ನೀರಿಗೆ, ಯಾರ ಮೇಲಿನ ಪ್ರೀತಿಗೂ ಅಲ್ಲ ಎಂಬುದು ನಿಜ. ಆದರೆ ಉಗಿ ಹೋಗಿ ಡೀಸೆಲ್ ಬಂದ ಮೇಲೂ, 1990ರ ದಶಕದಲ್ಲಿ ಹಳಿ ಬ್ರಾಡ್‌ಗೇಜ್ ಆದ ಮೇಲೂ, ವಿದ್ಯುತ್ ಎಂಜಿನ್ ಬಂದ ಮೇಲೂ ರೈಲುಗಳು ಮದ್ದೂರು ಮಂಡ್ಯಗಳಲ್ಲಿ ನಿಲ್ಲುತ್ತಲೇ ಇವೆ. ನಿಲ್ಲಬೇಕೆಂದು ಜನ ಕೇಳಿದ್ದರಿಂದ, ದಿನವೂ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವರ ಪಾಸುಗಳಿಂದ. ಜೋಡಿ ಹಳಿಗೆ ಅಡ್ಡವಾಗಿದ್ದ ಶ್ರೀರಂಗಪಟ್ಟಣದ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಒಡೆಯದೆ, ಇಡೀ ಕಟ್ಟಡವನ್ನೇ ಎತ್ತಿ ಪಕ್ಕಕ್ಕೆ ಸರಿಸಲಾಯಿತು. ನಡುವೆ ಇರುವ ಒಂದು ಕಟ್ಟಡಕ್ಕೆ ಬೆಲೆಯಿದೆ ಎಂದು ತೀರ್ಮಾನವಾದ ಕೂಡಲೇ ಎಂಜಿನಿಯರುಗಳು ದಾರಿ ಕಂಡುಕೊಂಡರು. 2022ರ ನವೆಂಬರಿನಲ್ಲಿ ಚೆನ್ನೈ–ಮೈಸೂರು ವಂದೇ ಭಾರತ್ ಶುರುವಾದಾಗ ಬೆಂಗಳೂರು ಮೈಸೂರುಗಳ ನಡುವೆ ಅದಕ್ಕೆ ಒಂದೂ ನಿಲುಗಡೆ ಇರಲಿಲ್ಲ. ಎಲ್ಲಿ ನಿಲ್ಲಬೇಕು ಎಂಬುದನ್ನು ವೇಳಾಪಟ್ಟಿ ಬರೆಯುವವರು ನಿರ್ಧರಿಸುತ್ತಾರೆ, ಎಂಜಿನ್ ನಿರ್ಧರಿಸುವುದಿಲ್ಲ.

ಮಳವಳ್ಳಿಯ ಬಾಕಿ ಇನ್ನೂ ತೀರಿಲ್ಲ. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಚಾಮರಾಜನಗರಕ್ಕೆ ಹೊಸ ರೈಲು ಮಾರ್ಗ 1996–97ರಲ್ಲಿ ಮಂಜೂರಾಯಿತು. ಕಾರ್ನ್‌ವಾಲಿಸ್, ಹ್ಯಾರಿಸ್ ಹಿಡಿದ ದಾರಿಯ ಬಹುಭಾಗವನ್ನು ಅದು ಹಿಡಿಯುತ್ತಿತ್ತು. ಭೂಮಿ, ಖರ್ಚು, ಪಾಲು ಎಂಬ ಮಾತುಗಳಲ್ಲಿ ಕಾಲು ಶತಮಾನ ಕಳೆದಿದೆ, ಹಳಿ ಬಿದ್ದಿಲ್ಲ. ಬೆಂಗಳೂರಿನಿಂದ ಕೊಯಮತ್ತೂರಿನ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ ಊರನ್ನು ಹಾದುಹೋಗುತ್ತದೆ. ರೈಲು ಬೇಕಾದ ಮಳವಳ್ಳಿಯವರು ಇಂದಿಗೂ ಬಸ್ಸು ಹತ್ತಿ ಮದ್ದೂರಿಗೋ ಮಂಡ್ಯಕ್ಕೋ ಹೋಗಬೇಕು. ಹೊಸ ಮಾರ್ಗದ ಚರ್ಚೆ ಮತ್ತೆ ಎದ್ದಾಗಲೆಲ್ಲ ಚಾಮರಾಜನಗರ ಬೆಂಗಳೂರಿಗೆ ಎಷ್ಟು ಹತ್ತಿರವಾಗುತ್ತದೆ ಎಂಬ ಅಂಕಿ ಮೊದಲು ಬರುತ್ತದೆ. ಮಳವಳ್ಳಿ ನಿಲ್ದಾಣ ಊರಿನ ಯಾವ ಬದಿಗೆ, ಅಲ್ಲಿ ದಿನಕ್ಕೆ ಎಷ್ಟು ರೈಲು ನಿಲ್ಲುತ್ತವೆ, ರೇಷ್ಮೆಗೂಡು ತರಕಾರಿ ಏರಿಸಲು ಎಷ್ಟು ನಿಮಿಷ ಸಿಗುತ್ತದೆ ಎಂಬ ಅಂಕಿಗಳನ್ನೂ ಅದೇ ಪುಟದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ಬರೆಯುವಂತೆ ತಾಲ್ಲೂಕಿನವರು ಈಗಲೇ ಕೇಳಬೇಕು, ಹಳಿಯ ಗೆರೆ ಎಳೆಯುವುದಕ್ಕೆ ಮೊದಲು.